ಹೆಳವ ಹೇಳದ ಮಾತು

ಅಕ್ಕನ ಒಂದು ಕಾದಂಬರಿಯ ಮುನ್ನುಡಿಯಲ್ಲಿ ನನ್ನ ಬಗ್ಗೆ ಒಂದು ಸಾಲು ಇದೆ. ಈ ಕಥೆಯ ಬೇರು ವಂಶ ಹಾಡುವ ಹೆಳವರ ಬಾಯಿಯಲ್ಲಿದೆ, ಅದನ್ನು ಒಂದಕ್ಷರ ಬಿಡದೆ ಬರೆದುಕೊಂಡು ತಂದುಕೊಟ್ಟವನು ನನ್ನ ತಮ್ಮ ಎಂದು. ಪುಸ್ತಕ ಕೈಗೆ ಬಂದ ದಿನ ಆ ಸಾಲನ್ನು ಹೆಂಡತಿಗೆ ಓದಿ ಹೇಳಿದೆ. ಹಾಲಿನ ಡೇರಿಯ ಮುಂದೆ ಕುಳಿತವರಿಗೆ ಬೆರಳಿಟ್ಟು ತೋರಿಸಿದೆ. ಆ ಸಾಲು ಸುಳ್ಳು. ಅದು ಸುಳ್ಳೆಂದು ಈ ಭೂಮಿಯ ಮೇಲೆ ನನಗೊಬ್ಬನಿಗೇ ಗೊತ್ತಿದೆ ಎಂದು ಬಹಳ ದಿನ ತಿಳಿದುಕೊಂಡಿದ್ದೆ.

ನಾನು ಕಲಿತದ್ದು ಆರನೆಯ ತರಗತಿಯವರೆಗೆ. ಯಾರೂ ನನ್ನನ್ನು ಶಾಲೆ ಬಿಡಿಸಲಿಲ್ಲ. ನಾನೇ ಬಿಟ್ಟೆ. ಓದಿದ್ದು ತಲೆಗೆ ಹೋಗುತ್ತಿತ್ತು, ಆದರೆ ಬರೆಯಲು ಕುಳಿತರೆ ಕೈ ಏಳುತ್ತಿರಲಿಲ್ಲ. ಉಳಿದ ಹುಡುಗರು ಎರಡು ಪುಟ ಮುಗಿಸುವಷ್ಟರಲ್ಲಿ ನನ್ನದು ನಾಲ್ಕು ಸಾಲು. ಮಾಸ್ತರರು ಬಯ್ಯುತ್ತಿರಲಿಲ್ಲ, ನಗುತ್ತಿದ್ದರು. ಆ ನಗು ತಾಳಲಾರದೆ ಹೊಲಕ್ಕೆ ಹೋದೆ. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಗೋಕಾಕದಲ್ಲಿ ಕಲಿತು ಹುಕ್ಕೇರಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರ್ ಆದಳು. ನಾನು ಮೂಡಲಗಿ ತಾಲೂಕಿನ ನಮ್ಮ ಊರಿನಲ್ಲೇ ಉಳಿದೆ. ಊರಿನ ಹೆಸರು ಬರೆಯುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ಅಕ್ಕ ಬರೆಯಲು ಶುರು ಮಾಡಿದ್ದು ಮಕ್ಕಳಿಗಾಗಿ. ಅವಳ ತರಗತಿಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಓದಲು ಏನೂ ಇರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಉತ್ತರಪತ್ರಿಕೆಗಳಲ್ಲಿ ಉಳಿದ ಖಾಲಿ ಹಾಳೆ ಹರಿದು, ಸೂಜಿದಾರದಿಂದ ಹೊಲಿದು, ದಪ್ಪ ಅಕ್ಷರದಲ್ಲಿ ಕಥೆ ಬರೆದು ಕೊಡುತ್ತಿದ್ದಳು. ಗೋಕಾಕ ಫಾಲ್ಸಿನ ತೂಗುಸೇತುವೆ ದಾಟುವಾಗ ಹಲಗೆ ಎಣಿಸಲು ಹೋಗಿ ಪ್ರತಿ ಸಲ ತಪ್ಪುವ ಹುಡುಗಿಯ ಕಥೆಯೊಂದಿತ್ತು. ಮಕ್ಕಳು ಕಿತ್ತಾಡಿ ಓದಿ ಆ ಪುಸ್ತಕ ಮೂರು ಸಲ ಹರಿದು, ಮೂರು ಸಲ ಮತ್ತೆ ಬರೆದಳು. ಅಚ್ಚಾದ ಅವಳ ಮೊದಲ ಪುಸ್ತಕ ಅದೇ.

ಇತಿಹಾಸದ ಹುಚ್ಚು ಹತ್ತಿದ್ದು ಹುಕ್ಕೇರಿಯಲ್ಲಿ. ಹಳೆಯ ಗುಮ್ಮಟಗಳ ಬಾಜೂ ಮಕ್ಕಳನ್ನು ಕರೆದುಕೊಂಡು ಹೋದಾಗ ಒಬ್ಬ ಹುಡುಗಿ, "ಇಲ್ಲೆ ಕಾರಂಜಿಗಿ ನೀರ ಎಲ್ಲಿಂದ ಬರ್ತಿತ್ತ್ರಿ ಟೀಚರ್?" ಎಂದು ಕೇಳಿದಳಂತೆ. ಅಕ್ಕ ಉತ್ತರ ಹುಡುಕುತ್ತ ಹೋಗಿ ಆ ನೀರು ತಂದ ಒಬ್ಬ ಕಲ್ಲುಕುಟಿಗನ ಮೇಲೆ ನಾನೂರು ಪುಟದ ಕಾದಂಬರಿ ಬರೆದಳು. ಆಮೇಲೆ ಇನ್ನೂ ಮೂರು.

ಅವಳದೊಂದು ಕಟ್ಟುನಿಟ್ಟು ಇತ್ತು. ಹಳೆಯ ಕಾಲದ ಯಾವ ಸಂಗತಿಯನ್ನು ಬರೆದರೂ ಅದಕ್ಕೆ ಎರಡು ಸಾಕ್ಷಿ ಬೇಕು. ಒಂದು ಕಾಗದದ್ದು, ಒಂದು ಬಾಯಿಯದ್ದು. "ನಡುವಿಂದು ನಾ ಕಟ್ಟತೀನಿ, ತಮ್ಮಾ. ಆದ್ರ ಎರಡೂ ದಂಡಿ ಗಟ್ಟಿ ಇರಬೇಕು" ಎನ್ನುತ್ತಿದ್ದಳು. ಕಾಗದ ಅವಳು ಹುಡುಕುತ್ತಿದ್ದಳು. ಬಾಯಿ ನನ್ನ ಪಾಲು. ನನ್ನ ಹತ್ತಿರ ಬೈಕ್ ಇತ್ತು, ಸುತ್ತಲಿನ ಊರುಗಳಲ್ಲಿ ಜನರ ಪರಿಚಯ ಇತ್ತು. ಇಂಥ ಊರಿನಲ್ಲಿ ಇಂಥ ಮುದುಕಿ ಇದ್ದಾಳಂತೆ ಎಂದು ಅಕ್ಕ ಫೋನ್ ಮಾಡಿದರೆ ಹೋಗಿ, ಕುಳಿತು, ಕೇಳಿ ಬರುತ್ತಿದ್ದೆ. ಕೇಳಿದ್ದು ನನ್ನ ತಲೆಯಲ್ಲಿ ಇದ್ದ ಹಾಗೇ ಇರುತ್ತಿತ್ತು. ಭಾನುವಾರ ಹುಕ್ಕೇರಿಗೆ ಹೋಗಿ ಮುದುಕಿಯ ದನಿ ಸಮೇತ ಹೇಳುತ್ತಿದ್ದೆ, ಅಕ್ಕ ಬರೆದುಕೊಳ್ಳುತ್ತಿದ್ದಳು. ಆಮೇಲೆ ತಾನು ಆ ವಾರ ಬರೆದದ್ದನ್ನು ನನಗೆ ಓದುತ್ತಿದ್ದಳು. ಅವಳ ಪ್ರತಿ ಕಾದಂಬರಿಯನ್ನೂ ಮೊದಲು ಕೇಳಿದವನು ನಾನು. ದಂಡು ಹೇಗೆ ಬರುತ್ತದೆ, ಕುದುರೆ ನೀರಿಗಿಳಿಯುವಾಗ ಕಿವಿ ಹೇಗೆ ಹಿಂದಕ್ಕೆ ಮಾಡುತ್ತದೆ, ಹೆದರಿದ ಮನುಷ್ಯ ಬಾಗಿಲ ಸಂದಿಯಿಂದ ಏನನ್ನು ಮೊದಲು ನೋಡುತ್ತಾನೆ, ಇದೆಲ್ಲ ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಮುಂದೆ ಕೆಟ್ಟದ್ದು ಅದರಿಂದಲೇ.

ನಮ್ಮ ಕಡೆ ಒಕ್ಕಲು ಮನೆಗಳ ವಂಶ ಹೇಳುವವರು ಹೆಳವರು. ಐದಾರು ವರ್ಷಕ್ಕೊಮ್ಮೆ, ಸುಗ್ಗಿಯ ನಂತರ, ತಮ್ಮ ಪಾಲಿನ ಮನೆಗಳಿಗೆ ಬರುತ್ತಾರೆ. ಅಂಗಳದಲ್ಲಿ ಕುಳಿತು ಮೂಲಪುರುಷನಿಂದ ಹಿಡಿದು ಹೋದ ಸಲ ಹುಟ್ಟಿದ ಕೂಸಿನವರೆಗೆ ಹಾಡಿನ ಧಾಟಿಯಲ್ಲಿ ಹೇಳುತ್ತಾರೆ, ಹೊಸದಾಗಿ ಹುಟ್ಟಿದವರನ್ನು ತಮ್ಮ ಪುಸ್ತಕದಲ್ಲಿ ಸೇರಿಸಿಕೊಳ್ಳುತ್ತಾರೆ, ಜೋಳ, ಬಟ್ಟೆ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಮೊದಲು ಎತ್ತಿನ ಮೇಲೆ ಬರುತ್ತಿದ್ದರು. ಈಗ ಸಣ್ಣ ಗೂಡ್ಸ್ ಗಾಡಿಯಲ್ಲಿ ಬರುತ್ತಾರೆ. ಅವರ ಪುಸ್ತಕದಲ್ಲಿ ಇದ್ದವನು ಆ ಮನೆಯವನು, ಇಲ್ಲದವನು ಅಲ್ಲ. ಹೊಲದ ಜಗಳದಲ್ಲಿ ತಹಶೀಲ್ದಾರರ ಮಾತನ್ನು ಕೇಳದ ಜನ ಹೆಳವನ ಮಾತನ್ನು ಕೇಳುತ್ತಾರೆ.

ಅಕ್ಕನಿಗೆ ನಮ್ಮದೇ ಮನೆತನದ ಮೇಲೆ ಕಾದಂಬರಿ ಬರೆಯಬೇಕಿತ್ತು. ಏಳು ತಲೆಮಾರಿನ ಹಿಂದೆ ಅಣ್ಣ ತಮ್ಮ ಇಬ್ಬರು ಹುಕ್ಕೇರಿ ಕಡೆಯಿಂದ ಹೊಳೆ ದಾಟಿ ಬಂದು ಇಲ್ಲಿ ನಿಂತರು. ಅಣ್ಣನ ಮನೆ ನಮ್ಮದು. ತಮ್ಮನದು ಕಲ್ಲಕಟ್ಟಿ ಮನೆ. ಬಾಗಿಲ ಮುಂದೆ ಎದೆಮಟ್ಟದ ಕರಿಕಲ್ಲಿನ ಕಟ್ಟೆ ಇರುವುದರಿಂದ ಆ ಹೆಸರು, ಊರಿಗೆ ಅಂಥದು ಒಂದೇ. ಆ ಮನೆಯ ಹಿರಿಯರು ನಮಗೆ ಕಾಕಾ ಆಗಬೇಕು. ಎರಡೂ ಮನೆಗೆ ಹೆಳವ ಒಬ್ಬನೇ.

ಆ ಸಲ ಹೆಳವ ಬಂದಾಗ ಅಕ್ಕನಿಗೆ ಇಲೆಕ್ಷನ್ ಡ್ಯೂಟಿ ಬಿದ್ದಿತ್ತು. ಇನ್ನೂರು ಪುಟದ ವಹಿ, ಎರಡು ಪೆನ್ನು ಕಳಿಸಿ, "ಹೆಸರು ಭಾಳ ಇರ್ತಾವ, ನೆನಪಿನ್ಯಾಗ ಹಿಂದಮುಂದ ಆಕ್ಕಾವ. ಈ ಸಲ ಬರಕೋ ತಮ್ಮಾ" ಎಂದು ಹೇಳಿದಳು. ನನಗೆ ಬರೆಯಲು ಆಗುವುದಿಲ್ಲ ಎಂದು ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಇಷ್ಟು ವರ್ಷ ಅವಳ ಜೊತೆ ದೊಡ್ಡ ದೊಡ್ಡ ಮಾತಾಡಿದವನು ಈಗ ಆರನೆಯ ತರಗತಿಯ ಹುಡುಗನಾಗುವುದು ಹೇಗೆ?

ಹೆಳವನಿಗೆ ಅರವತ್ತರ ಮೇಲಾಗಿತ್ತು. ಕಂಬಳಿಯ ಮೇಲೆ ಕುಳಿತ ಕೂಡಲೇ ನನ್ನ ಕೈಯಲ್ಲಿದ್ದ ಮೊಬೈಲ್ ನೋಡಿ, "ಅದನ್ನ ಒಳಗಿಡ್ರಿ ಧಣಿ. ನಮ್ಮ ದನಿ ಡಬ್ಬ್ಯಾಗ ಹಾಕ್ಕೊಂಡ್ರ ಮುಂದಿನ ಸಲ ನಮಗ ಜ್ವಾಳಾ ಯಾರು ಹಾಕ್ತಾರ?" ಎಂದು ನಕ್ಕ. ವಹಿ ನೋಡಿ, "ಬರಕೊಳ್ಳಾವ್ರೇನ್ರಿ? ಸಾವಕಾಶ ಹೇಳ್ಲೇನು?" ಎಂದು ಕೇಳಿದ.

"ನಿಮ್ಮ ರೂಢಿ ಹ್ಯಾಂಗೈತಿ ಹಂಗ ಹೇಳ್ರಿ. ನನ್ನ ಕೈ ಓಡತೈತಿ" ಎಂದೆ.

ನನ್ನ ಹೆಂಡತಿ, ಪಕ್ಕದ ಮನೆಯವರು ಎಲ್ಲ ಕುಳಿತಿದ್ದರು. ಅವರ ಮುಂದೆ ಆ ಮಾತು ಬಂತು.

ಅವನು ಹಾಡತೊಡಗಿದ. ಒಂದೂವರೆ ಪುಟ ಹೇಗೋ ಹಿಡಿದೆ. ಆಮೇಲೆ ಅವನು ಮುಂದೆ, ನಾನು ಹಿಂದೆ. ಒಂದು ಹೆಸರಿನ ಮೇಲೆ ನನ್ನ ಪೆನ್ನು ಇರುವಾಗ ಅವನು ಅದರ ಮೊಮ್ಮಗನ ಮದುವೆಗೆ ಹೋಗಿರುತ್ತಿದ್ದ. ಕೈ ಹಿಡಿಯಲು ಹೋಗಿ ಕಿವಿಯೂ ಕೆಟ್ಟಿತು. ಸುಮ್ಮನೆ ಕೇಳಿದ್ದರೆ ತಲೆಯಲ್ಲಾದರೂ ಉಳಿಯುತ್ತಿತ್ತು. ನಡುವೆ ನಿಲ್ಲಿಸಲು ನಾಚಿಕೆ. ಆ ಅರ್ಧ ತಾಸು ನಾನು ಹಾಳೆಯ ಮೇಲೆ ಗೆರೆ ಎಳೆಯುತ್ತ ಬರೆಯುವವನ ಹಾಗೆ ತಲೆ ತಗ್ಗಿಸಿ ಕುಳಿತಿದ್ದೆ. ಮುಗಿದ ಮೇಲೆ ಹೆಳವ ನನ್ನ ವಹಿಯ ಕಡೆ ಒಮ್ಮೆ ನೋಡಿದ. ತನ್ನ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡ.

ಮರುದಿನ ಮಧ್ಯಾಹ್ನ ಹೊಲದ ಪಂಪ್‌ಶೆಡ್ಡಿನಲ್ಲಿ ಕುಳಿತು ಗೆರೆ ಎಳೆದ ಹಾಳೆ ಹರಿದು ಎಸೆದು, ಉಳಿದದ್ದನ್ನು ಬರೆದೆ. ನೆನಪಿದ್ದ ಕೆಲವು ಹೆಸರು ಹಾಕಿದೆ. ನೆನಪಿಲ್ಲದ ಕಡೆ ಕಟ್ಟಿದೆ. ಆ ವಾರ ಕಾಲುವೆಯ ನೀರಿನ ಪಾಳಿಗಾಗಿ ಕಲ್ಲಕಟ್ಟಿ ಮನೆಯ ಮಗನಿಗೂ ನನಗೂ ಕೈಕೈ ಹತ್ತುವ ಜಗಳವಾಗಿತ್ತು. ನಮ್ಮ ಪಾಳಿಯ ನೀರನ್ನು ಅವನು ತಿರುಗಿಸಿಕೊಂಡಿದ್ದ. ಪಂಪಿನ ಸಪ್ಪಳದಲ್ಲಿ ಕುಳಿತು ಬರೆಯುವಾಗ ಆ ಸಿಟ್ಟು ಪೆನ್ನಿಗೆ ಇಳಿಯಿತು. ದಂಡು ಬಂತು. ಹೊಳೆ ತುಂಬಿತ್ತು. ತಮ್ಮನಾದವನು, ಕಲ್ಲಕಟ್ಟಿ ಮನೆಯ ಮೂಲಪುರುಷ, ತನ್ನ ಮನೆ ಉಳಿಸಿಕೊಳ್ಳಲು ದಂಡಿನವರಿಗೆ ಕುದುರೆ ದಾಟುವಷ್ಟೇ ನೀರಿರುವ ಜಾಗ ತೋರಿಸಿದ. ಆಚೆ ದಂಡೆಯ ಊರು ಸುಟ್ಟು ಹೋಯಿತು. ಹೆಳವ ಇದನ್ನು ತಗ್ಗಿದ ದನಿಯಲ್ಲಿ ಹೇಳಿದ ಎಂದೂ ಸೇರಿಸಿದೆ. ಅಷ್ಟು ಸಲೀಸಾಗಿ ನಾನು ಹಿಂದೆಂದೂ ಬರೆದಿರಲಿಲ್ಲ.

ಆ ಭಾನುವಾರ ಅಕ್ಕ ವಹಿ ಓದಿದಳು. ಓದುತ್ತ ಓದುತ್ತ ಚಹಾ ಆರಿತು. ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿದಳು. "ಹೆಳವ ಇಷ್ಟೆಲ್ಲಾ ಹೇಳಿದ್ನ?" ಎಂದಳು. "ಹೂಂ" ಎಂದೆ. ಮತ್ತೆ ತಲೆ ತಗ್ಗಿಸಿ ಓದಿದಳು.

ಎರಡು ವರ್ಷಕ್ಕೆ ಕಾದಂಬರಿ ಬಂತು. ಅವಳ ಪುಸ್ತಕಗಳಲ್ಲೇ ಹೆಚ್ಚು ಓದಿಸಿಕೊಂಡದ್ದು ಅದು. ಹೊಳೆಯ ಅಧ್ಯಾಯವನ್ನು ಎಲ್ಲರೂ ಹೊಗಳಿದರು. ಮನುಷ್ಯರ ಹೆಸರುಗಳನ್ನೆಲ್ಲ ಅಕ್ಕ ಬದಲಿಸಿದ್ದಳು, ಆದರೆ ಕಲ್ಲಕಟ್ಟಿ ಮನೆ ಎಂಬುದನ್ನು ಹಾಗೇ ಬಿಟ್ಟಿದ್ದಳು. ಕೇಳಲು ಚಂದ ಇದೆ ಎಂದಳು. ಮುಂದಿನ ವರ್ಷ ಅದೇ ಕಥೆಯನ್ನು ಮಕ್ಕಳಿಗಾಗಿ ಮೂವತ್ತೆರಡು ಪುಟದಲ್ಲಿ, ಬಣ್ಣದ ಚಿತ್ರ ಹಾಕಿ ಬರೆದಳು. ಕಾದಂಬರಿಯನ್ನು ನಮ್ಮ ಊರಿನಲ್ಲಿ ನಾಲ್ಕು ಜನ ಓದಿರಬಹುದು. ಮಕ್ಕಳ ಪುಸ್ತಕ ಶಾಲೆಯ ಕಪಾಟಿಗೆ ಬಂತು. ಅದರ ನಾಲ್ಕನೆಯ ಚಿತ್ರದಲ್ಲಿ ಕರಿಕಲ್ಲಿನ ಕಟ್ಟೆ ಇತ್ತು, ಅದರ ಮೇಲೆ ನಿಂತು ಒಬ್ಬ ಮನುಷ್ಯ ಹೊಳೆಯ ಕಡೆ ಕೈ ಮಾಡಿ ತೋರಿಸುತ್ತಿದ್ದ.

ಕಲ್ಲಕಟ್ಟಿ ಮನೆಯಲ್ಲಿ ಕಾಕಾನ ಮೊಮ್ಮಗಳು ಆಗ ನಾಲ್ಕನೆಯ ತರಗತಿ. ಒಂದು ದಿನ ಶಾಲೆ ಬಿಡುವ ಹೊತ್ತಿಗೆ ನಾನು ಕುರಿಗಳಿಗೆ ಮೇವು ತರುತ್ತಿದ್ದೆ. ನೀರಿನ ಟಾಕಿಯ ಹತ್ತಿರ ಏಳೆಂಟು ಮಕ್ಕಳು ಅವಳ ಹಿಂದೆ ಹಿಂದೆ ನಡೆಯುತ್ತಿದ್ದರು.

"ಏ ಹೊಳಿ ತೋರ್ಸಾಕಿ! ನಮಗೂ ಹಾದಿ ತೋರ್ಸ ಬೇ!"

"ಆಕಿ ಕೂಡ ಯಾರೂ ಆಟಾ ಆಡಬ್ಯಾಡ್ರಿ, ನಮ್ಮ ಮನಿ ತೋರಿಸಿಬಿಡ್ತಾಳ!"

ಹುಡುಗಿ ಅಳಲಿಲ್ಲ. ಪಾಟಿಚೀಲವನ್ನು ಎದೆಗೆ ಹಿಡಿದುಕೊಂಡು ಒಂದೇ ಸಮನೆ ನಡೆದಳು. ನನ್ನ ಮುಂದೆ ಹಾದುಹೋಗುವಾಗ, "ಕಾಕಾ" ಎಂದು ಎಂದಿನಂತೆ ಕರೆದಳು. ನಾನು ಮೇವಿನ ಹೊರೆ ಸರಿಮಾಡಿಕೊಳ್ಳುವವನ ಹಾಗೆ ಮುಖ ತಿರುಗಿಸಿದೆ. ಒಂದು ತಿಂಗಳಿಗೆ ಅವಳು ಶಾಲೆಗೆ ಹೋಗುವುದನ್ನು ನಿಲ್ಲಿಸಿದಳು.

ಕಲ್ಲಕಟ್ಟಿ ಮನೆಯ ಕಾಕಾ ಹುಕ್ಕೇರಿಗೆ ಅಕ್ಕನ ಮನೆಗೆ ಹೋದ ದಿನ ನಾನೂ ಅಲ್ಲಿದ್ದೆ. ಬಯ್ಯಲು ಬಂದಿದ್ದರೆ ಚೆನ್ನಾಗಿತ್ತು. ಮಡಿ ಧೋತರ ಉಟ್ಟು, ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ಬಂದಿದ್ದರು.

"ನಿನ್ನ ಪುಸ್ತಕದಾಗ ನಮ್ಮ ಹಿರೇರು ಬಂದಾರಂತಲ್ಲ ತಂಗಿ" ಎಂದರು. "ನನಗ ಓದಾಕ ಬರೂದಿಲ್ಲ. ಸೊಸಿ ಓದಿ ಹೇಳಿದ್ಲು. ಖರೇನ?"

"ಹೆಸರು ಹಾಕಿಲ್ರಿ ಕಾಕಾ."

"ಹೆಸರು ಯಾಕ ಬೇಕು, ನಮ್ಮ ಕಲ್ಲಿನ ಕಟ್ಟೀನ ಹಾಕೀಯಲ್ಲ." ಕಾಕಾ ನಕ್ಕರು. "ನಾ ಜಗಳಾಕ ಬಂದಿಲ್ಲ. ನಮ್ಮ ಹಿರೇರು ಹಂಗ ಮಾಡಿದ್ರ ಮಾಡ್ಯಾರ, ತಲಿ ತಗ್ಗಸತೇವಿ. ಆದ್ರ ನಮ್ಮ ಮನ್ಯಾಗ ಹೆಳವ ಹೇಳೂವಾಗ ಆ ಮಾತು ನಾ ಕೇಳಿಲ್ಲ. ಎಪ್ಪತ್ತು ವರ್ಷದಾಗ ಕೇಳಿಲ್ಲ."

ಅಕ್ಕ ನನ್ನ ಕಡೆ ಕೈ ತೋರಿಸಿದಳು. "ಇವ ಕುಂತು ಬರಕೊಂಡಾನ್ರಿ ಕಾಕಾ. ನನ್ನ ತಮ್ಮ ಕೇಳಿದ್ದು ತಪ್ಪೂದಿಲ್ಲ."

ಕಾಕಾ ನನ್ನ ಕಡೆ ತಿರುಗಿದರು. "ಹಂಗಾದ್ರ ಈ ಸುಗ್ಗಿಗಿ ಹೆಳವ ಬರಾವ. ನಮ್ಮ ಅಂಗಳದಾಗ ಹೇಳ್ಸೂಣು. ಊರು ಕೇಳ್ಲಿ. ನೀನೂ ಬಾ ತಂಗಿ" ಎಂದು ಎದ್ದರು. ಚಹಾ ಕುಡಿಯಲಿಲ್ಲ.

ಅವರು ಹೋದ ಮೇಲೆ ಹೇಳಬೇಕಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅಕ್ಕ ಬಾಳೆಹಣ್ಣುಗಳನ್ನು ನೋಡುತ್ತ ಕುಳಿತಿದ್ದಳು. "ಆ ಹುಡುಗಿ ಸಾಲಿ ಬಿಟ್ಟಾಳಂತ?" ಎಂದು ಕೇಳಿದಳು. "ಹೂಂ" ಎಂದೆ. ನನ್ನ ಬಾಯಿಂದ ಮತ್ತೊಂದು ಹೂಂ.

ಅಲ್ಲಿಂದ ನಾಲ್ಕು ತಿಂಗಳು. ಜನ ದಿನಾಲೂ ಹೆಳವನ ಸುದ್ದಿ ತರುತ್ತಿದ್ದರು. ಮೊದಲು ಬೆಲ್ಲದ ಬಾಗೇವಾಡಿಯಲ್ಲಿ ಕಂಡರಂತೆ. ವಾರ ಬಿಟ್ಟು ಗೋಕಾಕದ ಆಚೆ ಯಾವುದೋ ಊರಿನಲ್ಲಿ. ಕಬ್ಬು ಕಡಿಯುವವರು, ಹಾಲಿನ ಗಾಡಿಯವರು, ಎಲ್ಲರ ಬಾಯಲ್ಲೂ ಅದೇ. ಕಲ್ಲಕಟ್ಟಿ ಮನೆಯವರು ಅಂಗಳ ಸಾರಿಸಿ ಸುಣ್ಣ ಹೊಡೆಸಿದರು. ನಾನು ಹಾದುಹೋದರೆ ಕಾಕಾನ ಮಗ ಮೊದಲಿನ ಹಾಗೆ ಬಯ್ಯುತ್ತಿರಲಿಲ್ಲ. ಎದ್ದು ನಿಲ್ಲುತ್ತಿದ್ದ. ಕಾಲುವೆಯ ನೀರು ನಮ್ಮ ಪಾಳಿಗೆ ಸರಿಯಾಗಿ, ಒಂದು ನಿಮಿಷ ಹೆಚ್ಚುಕಡಿಮೆಯಿಲ್ಲದೆ ಬರತೊಡಗಿತು. ಅದಕ್ಕೇ ಹೆಚ್ಚು ಹೆದರಿದೆ.

ಹೆಳವ ತುಕ್ಕಾನಟ್ಟಿಗೆ ಬಂದಿದ್ದಾನೆ ಎಂದು ಗೊತ್ತಾದಾಗ ಬೈಕ್ ತೆಗೆದುಕೊಂಡು ಹೋದೆ. ಒಂದು ಮನೆಯ ಮುಂದೆ ಗಾಡಿ ನಿಲ್ಲಿಸಿಕೊಂಡು ರೊಟ್ಟಿ ತಿನ್ನುತ್ತಿದ್ದ. ಜೊತೆಯಲ್ಲಿ ಅವನ ಮಗ ಇದ್ದ.

"ಈ ವರ್ಷ ನಮ್ಮೂರಿಗಿ ಬರಬ್ಯಾಡ್ರಿ" ಎಂದೆ. "ಊರಾಗ ಸ್ವಲ್ಪ ತ್ರಾಸ ಐತಿ."

"ಹುಟ್ಟಿದ ಕೂಸುಗಳ್ನ ಬರಕೊಳ್ಳೂದು ಬ್ಯಾಡೇನ್ರಿ? ನಾ ಬಿಟ್ರ ಅವು ಯಾರ ಪೈಕಿ?" ಎಂದು ನಕ್ಕವನು ನನ್ನ ಮುಖ ನೋಡಿ ರೊಟ್ಟಿ ಕೆಳಗಿಟ್ಟ. "ಯಾಕ ಧಣಿ? ಹೋದ ಸಲದ್ದು ಏನರ ಹೆಚ್ಚುಕಮ್ಮಿ ಆಗೇತೇನು?"

ಅವನಿಗೆ ಹೇಳಿದ್ದರೂ ಆಗುತ್ತಿತ್ತು. ಏನಿಲ್ಲ ಎಂದು ಬೈಕ್ ತಿರುಗಿಸಿದೆ.

ಅವನು ಬಂದದ್ದು ಒಂದು ಸೋಮವಾರ ಮುಂಜಾನೆ. ಕಲ್ಲಕಟ್ಟಿ ಮನೆಯ ಅಂಗಳದಲ್ಲಿ ಕಂಬಳಿ ಹಾಸಿ, ಮೊರದ ತುಂಬ ಜೋಳ ಇಟ್ಟು, ಮೇಲೊಂದು ಹೊಸ ಟಾವೆಲ್ ಹೊದಿಸಿದ್ದರು. ಅರ್ಧ ಊರು ಇತ್ತು. ಅಕ್ಕ ಮೊದಲ ಬಸ್ಸಿಗೆ ಬಂದು ಹೆಂಗಸರ ನಡುವೆ ಕುಳಿತಿದ್ದಳು. ಹುಡುಗಿ ತನ್ನ ತಾಯಿಯ ಹಿಂದೆ, ಬಾಗಿಲಲ್ಲಿ. ನಾನು ಎಲ್ಲರ ಹಿಂದೆ, ಗೋಡೆಗೆ ಬೆನ್ನು ಹಚ್ಚಿ.

ಹೆಳವ ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಬಿಚ್ಚಿ ಹಣೆಗೆ ಹಚ್ಚಿಕೊಂಡು ಹಾಡತೊಡಗಿದ. ಈ ಸಲ ನನ್ನ ಕೈಯಲ್ಲಿ ಪೆನ್ನು ಇರಲಿಲ್ಲ, ಒಂದೊಂದು ಮಾತೂ ಕೇಳಿಸಿತು. ಅಣ್ಣ ತಮ್ಮ ಹೊಳೆ ದಾಟಿ ಬಂದರು. ತಮ್ಮನಿಗೆ ಇಬ್ಬರು ಹೆಂಡಿರು. ಹಿರಿಯಳಿಗೆ ಮಕ್ಕಳಿಲ್ಲ. ಕಿರಿಯಳಿಗೆ ಇಬ್ಬರು ಗಂಡು, ಒಂದು ಹೆಣ್ಣು. ಹೆಣ್ಣನ್ನು ಬೆಲ್ಲದ ಬಾಗೇವಾಡಿಗೆ ಕೊಟ್ಟರು. ಹಿರಿಯ ಹೆಂಡತಿ ತನ್ನ ತವರಿನ ಬಂಗಾರ ಕೊಟ್ಟು ಬಾಗಿಲ ಮುಂದೆ ಕಟ್ಟೆ ಕಟ್ಟಿಸಿದಳು, ಹಾದಿಯಲ್ಲಿ ಹೋಗುವವರು ಹೊರೆ ಇಳಿಸಿ ದಣಿವಾರಿಸಿಕೊಳ್ಳಲಿ ಎಂದು. ಅಷ್ಟೇ. ಅವನು ಆಗಲೇ ಮುಂದಿನ ತಲೆಮಾರಿಗೆ ಹೋಗಿದ್ದ.

ಮುಗಿದ ಮೇಲೆ ಕಾಕಾ ಮೆಲ್ಲಗೆ ಕೇಳಿದರು, "ದಂಡು ಯಾವಾಗ ಬಂತ್ರಿ?"

"ಯಾವ ದಂಡ್ರಿ?"

"ಹೊಳಿ ದಾಟಿದ್ದು. ನಮ್ಮವರು ಹಾದಿ ತೋರಿಸಿದ್ದು."

ಹೆಳವ ಪುಸ್ತಕ ನೋಡಿದ, ಕಾಕಾನನ್ನು ನೋಡಿದ. "ಹುಟ್ಟಿದವರು, ಕೊಟ್ಟವರು, ತಂದವರು, ಇಷ್ಟ ನಮ್ಮ ಕಡೆ ಇರೂದು. ದಂಡಿನ ಉಸಾಬರಿ ನಮಗ್ಯಾಕ ಬೇಕ್ರಿ?" ಎಂದ. ಒಬ್ಬಿಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಎಲ್ಲರೂ ಅಕ್ಕನ ಕಡೆ ತಿರುಗಿದರು. ಹೆಳವ ಮಾತ್ರ ಗೋಡೆಯ ಕಡೆ ಕೈ ಮಾಡಿ, "ಹೋದ ಸಲ ಇವರು ಬರಕೊಂಡಿದ್ರಲ್ರಿ" ಎಂದ.

ಅಕ್ಕ ಎದ್ದು ನಿಂತಳು. "ಅವ ನೀವು ಹೇಳಿದ್ದನ್ನ ಬರಕೊಂಡಾನ್ರಿ. ದಂಡು ನಾ ಕಟ್ಟಿದ್ದು" ಎಂದಳು. "ಕಥಿ ಚಂದ ಆಗ್ಲಿ ಅಂತ ಕಟ್ಟಿದೆ. ತಪ್ಪು ನಂದು ಕಾಕಾ."

ಒಬ್ಬ ಹೆಂಗಸು, "ಚಂದ ಆತಲ್ಲವಾ, ಭಾಳ ಚಂದ ಆತು" ಎಂದಳು. ಹಿಂದಿನಿಂದ ಯಾರೋ, "ಮಕ್ಕಳಿಗಿ ಸುಳ್ಳು ಕಲ್ಸಾಕ ಪಗಾರ ತಗೊಂಡ್ಲು" ಎಂದ. ಅಕ್ಕ ಕೈಮುಗಿದುಕೊಂಡು ನಿಂತೇ ಇದ್ದಳು. ನಾನು ಬಾಯಿ ತೆರೆಯಲು ಎಷ್ಟು ಹೊತ್ತು ಬೇಕಾಗಿತ್ತು? ಒಂದು ಮಾತು. ಅದೂ ಬರೆಯುವ ಮಾತಲ್ಲ, ಆಡುವ ಮಾತು, ನನಗೆ ಬರುತ್ತಿದ್ದದ್ದು ಅದೊಂದೇ. ಅಂಗಳ ಖಾಲಿಯಾಗುವ ತನಕ ಗೋಡೆ ಬಿಟ್ಟು ಅಲುಗಲಿಲ್ಲ.

ಆಮೇಲಿನದನ್ನು ಚುಟುಕಾಗಿ ಹೇಳುತ್ತೇನೆ. ಅಕ್ಕ ಪ್ರಕಾಶಕರಿಗೆ ಹೇಳಿ ಎರಡೂ ಪುಸ್ತಕ ಮಾರುವುದನ್ನು ನಿಲ್ಲಿಸಿದಳು. ಒಂದು ಪತ್ರಿಕೆಯಲ್ಲಿ ಕ್ಷಮೆ ಕೇಳಿ ಬರೆದಳು, ಅದರಲ್ಲೂ ನನ್ನ ಹೆಸರಿಲ್ಲ. ಅಂಗಳದಲ್ಲಿ ಅವಳು ಆಡಿದ ಮಾತನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಎಲ್ಲ ಕಡೆ ಕಳಿಸಿದರು. ಗುರುತಿಲ್ಲದವರು ಫೋನ್ ಮಾಡಿ, ನಿಮ್ಮ ಉಳಿದ ಕಾದಂಬರಿಗಳಲ್ಲಿ ಎಷ್ಟು ಸುಳ್ಳಿದೆ ಎಂದು ಕೇಳುತ್ತಿದ್ದರು. ಶಾಲೆಗಳಿಗೆ ಕಥೆ ಹೇಳಲು ಕರೆಯುವುದು ನಿಂತಿತು. ಅಕ್ಕ ಬರೆಯುವುದನ್ನೂ ನಿಲ್ಲಿಸಿದಳು. ಇತ್ತ ಹುಡುಗಿಯನ್ನು ಮೂಡಲಗಿಯ ಶಾಲೆಗೆ ಹಾಕಿದರು, ದಿನಾಲೂ ಬಸ್ಸಿಗೆ ಹೋಗುತ್ತಾಳೆ. ನಮ್ಮ ಊರಿನಲ್ಲಿ ಆ ಅಡ್ಡಹೆಸರು ಹೋಗಲಿಲ್ಲ. ಸುಳ್ಳೆಂದು ಗೊತ್ತಾದ ಮೇಲೂ ಹೋಗಲಿಲ್ಲ. ಪುಸ್ತಕ ನೋಡಿರದ ಮಕ್ಕಳೂ ಈಗ ಅದನ್ನು ಕೂಗುತ್ತಾರೆ.

ಎಂಟು ತಿಂಗಳ ನಂತರ ಅಕ್ಕ ಫೋನ್ ಮಾಡಿ, ತನ್ನ ಪುಸ್ತಕ, ಕಾಗದ ಎಲ್ಲ ನಮ್ಮ ಮನೆಯ ಅಟ್ಟಕ್ಕೆ ಒಯ್ಯಬೇಕು, ಗಾಡಿ ತಗೊಂಡು ಬಾ ಎಂದಳು. ಹೋದೆ. ಗೋಡೆ ಬರಿದಾಗಿತ್ತು. ಹದಿನಾಲ್ಕು ಗಂಟುಗಳನ್ನು ಕಟ್ಟಿ ಇಟ್ಟಿದ್ದಳು. ಎರಡು ಗಂಟು ಹೊತ್ತು ಗಾಡಿಗೆ ಹಾಕಿ ಬಂದು, ಮೂರನೆಯದನ್ನು ಎತ್ತಲಾರದೆ ಅದರ ಮೇಲೇ ಕುಳಿತೆ.

"ಅಕ್ಕಾ, ದಂಡು ನಾ ಕಟ್ಟಿದ್ದು."

ಅವಳು ಹಗ್ಗ ಬಿಗಿಯುತ್ತಿದ್ದಳು. ಬಿಗಿದು ಮುಗಿಸಿದಳು. "ಗೊತ್ತೈತಿ" ಎಂದಳು.

"ಹೆಳವ ಹೇಳಿದಾಗ ಗೊತ್ತಾತೇನು?"

"ನೀ ವಹಿ ತಂದ ದಿನಾ ಗೊತ್ತಾತು. ಮೊದಲ ಒಂದೂವರೆ ಪುಟ ಕೋಳಿ ಕೆದರಿದಂಗ ಇತ್ತು. ಮುಂದ ಅಕ್ಷರ ಮುತ್ತಿನಂಗ. ಹಾಡಾಕತ್ತಾವನ ಮುಂದ ಕುಂತು ಹಂಗ ಬರಿಯಾಕ ಆಗೂದಿಲ್ಲೋ ತಮ್ಮಾ. ನಾ ಮೂವತ್ತು ವರ್ಷ ಮಕ್ಕಳ ವಹಿ ತಿದ್ದಿದಾಕಿ."

"ಮತ್ತ ಯಾಕ ಕೇಳ್ಲಿಲ್ಲ?"

ಕಿಟಕಿಯ ಹೊರಗೆ ಯಾರದೋ ಟ್ರ್ಯಾಕ್ಟರ್ ಹಿಂದೆ ಮುಂದೆ ಮಾಡುತ್ತಿತ್ತು.

"ಕೇಳಿದೆ. ಹೆಳವ ಇಷ್ಟೆಲ್ಲಾ ಹೇಳಿದ್ನ ಅಂತ ಕೇಳಿದೆ. ನೀ ಹೂಂ ಅಂದಿ. ಇನ್ನೊಂದು ಸಲ ಕೇಳಿದ್ರ ನೀ ಇಲ್ಲ ಅಂತಿದ್ದಿ. ಆ ಹೊಳಿ ಕಥಿ ನನಗ ಬೇಕಾಗಿತ್ತು. ಅದಕ್ಕ ಕಾಗದದ ಸಾಕ್ಷಿನೂ ಹುಡುಕಲಿಲ್ಲ." ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೀ ಕಟ್ಟಿದ ಹೊಳಿ ಅಷ್ಟು ಚೊಲೋ ಇತ್ತು. ನನಗೂ ಅಷ್ಟು ಚೊಲೋ ಬರೂದಿಲ್ಲ."

ನನ್ನ ಜೀವನದಲ್ಲಿ ನನ್ನ ಬರವಣಿಗೆಯನ್ನು ಯಾರಾದರೂ ಹೊಗಳಿದ್ದು ಅದೊಂದೇ ಸಲ. ಅದನ್ನು ಕೇಳಿ ನಾನು ಎದ್ದು ಮೂರನೆಯ ಗಂಟನ್ನು ಹೊತ್ತುಕೊಂಡು ಹೊರಗೆ ನಡೆದೆ.

ಅದೇ ಸಂಜೆ ಗಾಡಿ ನೆಟ್ಟಗೆ ಕಲ್ಲಕಟ್ಟಿ ಮನೆಗೆ ಹೊಡೆದೆವು. ಅಂಗಳದಲ್ಲಿ ನಿಂತು ಎಲ್ಲ ಹೇಳಿದೆ. ನೀರಿನ ಪಾಳಿ, ಪಂಪ್‌ಶೆಡ್, ಗೋಡೆಯ ಹತ್ತಿರ ನಿಂತದ್ದು, ಒಂದೂ ಬಿಡಲಿಲ್ಲ. ಅಕ್ಕ ತನ್ನದನ್ನು ಹೇಳಿದಳು. ಕಾಕಾನ ಮಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಕಾಕಾ ಕಣ್ಣುಮುಚ್ಚಿ ಕುಳಿತಿದ್ದರು. ಮಾತಾಡಿದವಳು ಸೊಸೆ, ಹುಡುಗಿಯ ತಾಯಿ.

"ಇಬ್ರೂ ಚಂದಾಗಿ ಹೇಳಿದ್ರಿ. ನೀವು ನಮ್ಮ ಅಂಗಳದಾಗ ಹೇಳಿದ್ದು ಅಂಗಳ ದಾಟೂದಿಲ್ಲ. ಆ ಸುಳ್ಳು ಅಚ್ಚಾಗಿ ಊರೂರು ತಿರುಗ್ತು. ಇದನ್ನೂ ಅಚ್ಚು ಹಾಕಸ್ರಿ. ಸುಳ್ಳು ಬರದ ಕೈಲೇ ಬರೀರಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಮತ್ತ ಆ ಸಾಲ್ಯಾಗ ಮಕ್ಕಳ ಮುಂದ ನೀವ ನಿಂತು ಓದ್ರಿ. ನನ್ನ ಮಗಳಿಗಿ ಕೂಗಿದ ಮಕ್ಕಳ ಮುಂದ" ಎಂದಳು.

ಅದಕ್ಕಾಗಿ ಇದನ್ನು ಬರೆದಿದ್ದೇನೆ. ಮೂರು ತಿಂಗಳು ಹಿಡಿಯಿತು. ಅಕ್ಕ ಕಾಗುಣಿತ ತಿದ್ದಿದ್ದಾಳೆ, ಬೇರೆ ಏನನ್ನೂ ಮುಟ್ಟಿಲ್ಲ. ಕಲ್ಲಕಟ್ಟಿ ಮನೆಯ ಯಾರೂ ಯಾವ ದಂಡಿಗೂ ಎಂದೂ ಹೊಳೆ ತೋರಿಸಿಲ್ಲ. ಆ ಕಟ್ಟೆಯನ್ನು ಮಕ್ಕಳಿಲ್ಲದ ಒಬ್ಬ ಹೆಣ್ಣುಮಗಳು ದಣಿದವರಿಗಾಗಿ ಕಟ್ಟಿಸಿದಳು. ಅದನ್ನು ಹೆಳವ ನನ್ನ ಎದುರಿಗೇ ಮೊದಲ ಸಲವೂ ಹೇಳಿರಬೇಕು, ನಾನು ಕೇಳಿಸಿಕೊಳ್ಳಲಿಲ್ಲ.

ಅಚ್ಚಾದ ಮೇಲೆ ಬರುವ ಶನಿವಾರ ಪ್ರಾರ್ಥನೆಯ ನಂತರ ಓದಬಹುದು ಎಂದು ಹೆಡ್‌ಮಾಸ್ತರರು ಒಪ್ಪಿದ್ದಾರೆ. ದಿನಾಲೂ ಹೊಲದಲ್ಲಿ ಗಟ್ಟಿಯಾಗಿ ಓದಿ ರೂಢಿ ಮಾಡಿಕೊಳ್ಳುತ್ತಿದ್ದೇನೆ. ಹೊಳೆಯ ಭಾಗ ಬಂದಾಗ ಮಾತ್ರ ನಾಲಿಗೆ ತಡೆಯುವುದಿಲ್ಲ, ಸರಾಗ ಓಡುತ್ತದೆ. ಮಕ್ಕಳಿಗೆ ಅದೊಂದೇ ನೆನಪಿನಲ್ಲಿ ಉಳಿದರೆ ಏನು ಮಾಡಲಿ ಎಂದು ಅಕ್ಕನನ್ನು ಕೇಳಿದೆ. ಅವಳು ಹಾಳೆಗಳನ್ನು ಜೋಡಿಸಿ ಮತ್ತೆ ನನ್ನ ಕೈಗೆ ಕೊಟ್ಟಳು. ಹುಡುಗಿ ಆ ದಿನ ಬರುತ್ತಾಳೋ ಇಲ್ಲವೋ ಅವಳ ತಾಯಿಯೂ ಹೇಳಿಲ್ಲ.